ನದಿಗೆ ಎರಡನೆಯ ಸಲ

ಮಾರ್ಚ್ 2, ಭಾನುವಾರ

ತಮ್ಮ ಬಂದು ಹೋದ. ಬಂದವನು ಕೂರುವ ಮೊದಲೇ ಅಡುಗೆಮನೆಗೆ ಹೋಗಿ ಗ್ಯಾಸ್ ಒಲೆ ಆರಿದೆಯೇ ಎಂದು ನೋಡಿದ. ಆಮೇಲೆ ಸ್ನಾನದ ಮನೆಯ ನಲ್ಲಿ, ಆಮೇಲೆ ಮುಂಬಾಗಿಲ ಚಿಲಕ. ಇನ್‌ಸ್ಪೆಕ್ಟರ್ ನಾನು, ತಪಾಸಣೆ ಮಾಡುವುದು ಔಷಧಿ ಅಂಗಡಿಯ ಇವನು.

ತೀರ್ಮಾನವಾಯಿತು. ಅಕ್ಕನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದು. ಕಿಟಕಿ ಪಕ್ಕದ ಮಂಚವೊಂದನ್ನು ಅವರು ನಮಗೆಂದು ತೆಗೆದಿಟ್ಟಿದ್ದಾರಂತೆ. ನಾನು ಬೇಡ ಅನ್ನಲಿಲ್ಲ. ಅವಳ ಮರೆವು ಶುರುವಾಗಿ ಮೂರು ವರ್ಷವಾಯಿತು, ನನಗೆ ಸಾಕಾಗಿದೆ. ಈ ಮಾತನ್ನು ಯಾರ ಮುಂದೆ ಹೇಳಿದರೂ ನನ್ನನ್ನು ಒಂಥರಾ ನೋಡುತ್ತಾರೆ, ಅದಕ್ಕೇ ಈ ಪುಸ್ತಕ.

ಒಂದು ಷರತ್ತು ಮಾತ್ರ ಹಾಕಿದೆ. ಅಕ್ಕನಿಗೆ ಮೊದಲಿನಿಂದ ಒಂದೇ ಆಸೆ: ನದಿಗಳ ಸೀಮೆಗೆ ಹೋಗಿ, ನೀರಿನ ಪಕ್ಕದಲ್ಲಿ ಡೇರೆಯೊಳಗೆ ಮಲಗಿ ಏಳಬೇಕು. ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಊರಿಗೆಲ್ಲ ಕಾರು ಓಡಿಸಲು ಕಲಿಸಿದಳು, ತಾನು ಮಾತ್ರ ಈ ಊರಿನ ವರ್ತುಲ ರಸ್ತೆ ದಾಟಲಿಲ್ಲ. ಮೊದಲು ಅವಳನ್ನು ನದಿಗೆ ಕರೆದುಕೊಂಡು ಹೋಗಿ ಬರುತ್ತೇನೆ, ಬಂದ ಮಾರನೆಯ ಭಾನುವಾರ ಕೇಂದ್ರಕ್ಕೆ ಕಳಿಸೋಣ ಎಂದೆ. ತಮ್ಮ ಒಪ್ಪಿದ. ಅವಳಿಗೆ ಹೇಳುವವರು ಯಾರು ಎಂಬ ಮಾತು ಬಂದಾಗ ಇಬ್ಬರೂ ನಮ್ಮ ನಮ್ಮ ಚಹಾದ ಲೋಟ ನೋಡಿಕೊಂಡು ಕೂತೆವು.

ಮಾರ್ಚ್ 5, ಬುಧವಾರ

ನದಿಯ ಶಿಬಿರದ ಚಿತ್ರಗಳನ್ನು ನೋಡಿದೆ. ಮರದ ಕ್ಯಾಬಿನ್ ಎರಡೇ ಇವೆ, ಅವು ಸಿಗಲಿಲ್ಲ. ಉಳಿದಿರುವುದು ಯರ್ಟ್. ಹಾಗೆಂದರೆ ದುಂಡನೆಯ ದೊಡ್ಡ ಡೇರೆ, ಸುತ್ತ ಮರದ ಜಾಲರಿ, ಅದರ ಮೇಲೆ ದಪ್ಪ ಬಟ್ಟೆ, ಛಾವಣಿಯ ನಡುವೆ ಆಕಾಶ ಕಾಣುವ ಒಂದು ಗುಂಡು ಕಿಂಡಿ. ಒಳಗೆ ಎರಡು ಮಂಚ, ಒಂದು ಸಣ್ಣ ಕಬ್ಬಿಣದ ಒಲೆ.

ಶಿಬಿರದ ಯಜಮಾನನಿಗೆ ಫೋನ್ ಮಾಡಿ ಡೇರೆಯ ಅಗಲ ಎಷ್ಟು, ಬಾಗಿಲ ಎತ್ತರ ಎಷ್ಟು ಎಂದು ಕೇಳಿದೆ. ನದಿ ಎಷ್ಟು ದೂರ ಎಂದಾಗ ಹತ್ತಿರವೇ ಅಂದ. ಮೀಟರ್‌ನಲ್ಲಿ ಹೇಳಿ ಎಂದೆ. ನೀರಿನ ಸದ್ದು ಕೇಳುತ್ತದೆ, ನೀರು ಒಳಗೆ ಬರುವುದಿಲ್ಲ, ಅಷ್ಟು ದೂರ ಅಂದ. ನಮ್ಮ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಂಥ ಉತ್ತರ ಕೊಟ್ಟವರಿಗೆ ನೋಟಿಸು ಹೋಗುತ್ತದೆ. ಅಗಲ ಹದಿನೆಂಟು ಅಡಿ ಎಂದು ಅಂತೂ ಬಾಯಿ ಬಿಡಿಸಿದೆ. ಮಾರ್ಚ್ 28ಕ್ಕೆ ಬರೆದುಕೊಂಡಿದ್ದಾನೆ.

ಪಟ್ಟಿ ಶುರು ಮಾಡಿದೆ. ಟಾರ್ಚು, ಅಕ್ಕನ ಮಾತ್ರೆ, ಜಾರದ ಚಪ್ಪಲಿ, ಒಂದು ಹಗ್ಗ. ಹಗ್ಗ ಯಾಕೆಂದು ಗೊತ್ತಿಲ್ಲ, ಪಟ್ಟಿಯಲ್ಲಿ ಇರಬೇಕು ಅನ್ನಿಸಿತು.

ಮಾರ್ಚ್ 9, ಭಾನುವಾರ

ಚಿತ್ರಗಳನ್ನು ಅಕ್ಕನಿಗೆ ತೋರಿಸಿದೆ. ಮುಖ ಇಷ್ಟಗಲವಾಯಿತು. ಬೆರಳಿನಿಂದ ಡೇರೆಯ ಸುತ್ತ ಮತ್ತೆ ಮತ್ತೆ ಗೆರೆ ಎಳೆದಳು. "ಇದಕ್ಕೆ ಮೂಲೆನೇ ಇಲ್ವಲ್ಲೇ ತಕ್ಕಡಿ, ಮುನಿಸ್ಕೊಂಡ್ರೆ ಎಲ್ಲಿ ಹೋಗಿ ಕೂರ್ತೀಯ?" ಎಂದು ಕೇಳಿದಳು. ತಕ್ಕಡಿ ಎಂಬುದು ನಾನು ಕೆಲಸಕ್ಕೆ ಸೇರಿದ ದಿನ ಅವಳಿಟ್ಟ ಹೆಸರು. ನಿನ್ನೆ ಏನು ತಿಂದೆ ಎಂಬುದು ನೆನಪಿರುವುದಿಲ್ಲ, ಇದು ಇದೆ.

ಮಧ್ಯಾಹ್ನವೆಲ್ಲ ಚಿತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಬಳಿ ಕೂತಿದ್ದಳು. ನಾನು ಬಟ್ಟೆ ಮಡಚುತ್ತಾ ಅವಳನ್ನೇ ನೋಡಿದೆ.

ಮಾರ್ಚ್ 14, ಶುಕ್ರವಾರ

ನಾನು ಆಫೀಸಿನಲ್ಲಿರುವಾಗ ಅಕ್ಕನನ್ನು ನೋಡಿಕೊಳ್ಳುವ ಕೆಳಗಿನ ಮನೆಯವರು ಅಂಗಡಿಗೆಂದು ಹತ್ತು ನಿಮಿಷ ಆಚೆ ಹೋದಾಗ ಅಕ್ಕ ಮೆಟ್ಟಿಲಿಳಿದು ಹೋಗಿದ್ದಾಳೆ. ಎರಡು ಬೀದಿ ಆಚೆ, ನಿಲ್ಲಿಸಿದ್ದ ಯಾರದೋ ಕಾರಿನಲ್ಲಿ ಸಿಕ್ಕಳು. ಎಡಗಡೆ ಸೀಟಿನಲ್ಲಿ ಕೂತು ಕಾಲಿನಿಂದ ಬ್ರೇಕು ಹುಡುಕುತ್ತಿದ್ದಳು. ಕಲಿಸುವವರ ಕಾರಿನಲ್ಲಿ ಆ ಕಡೆಗೂ ಒಂದು ಬ್ರೇಕು ಇರುತ್ತದಲ್ಲ. ಕಾರಿನವನು ಒಳ್ಳೆಯವನು, ಏನೂ ಅನ್ನಲಿಲ್ಲ. ನಾನು ಅಂದೆ. ಬೀದಿಯಲ್ಲೇ ಕೂಗಾಡಿದೆ.

ನಾಚಿಕೆಯಾಗುತ್ತಿದೆ. ಬೇಗ 28 ಬರಲಿ.

ಮಾರ್ಚ್ 18, ಮಂಗಳವಾರ

ಇವತ್ತು ವಿಚಿತ್ರ. ಅಕ್ಕನ ತಲೆ ಬಾಚುತ್ತಿದ್ದೆ, ಅವಳು ಇದ್ದಕ್ಕಿದ್ದಂತೆ ಹೇಳಿದಳು, "ನಾವು ನದಿಗೆ ಹೋಗಿದ್ವಲ್ಲ, ಆ ಬಿಳಿ ಕುದುರೆ ನೀರೊಳಗೆ ಇಳಿದು ಈಜಿಕೊಂಡು ಆಚೆ ದಡಕ್ಕೆ ಹೋಯ್ತಲ್ಲ, ಅದು ಯಾರದು?"

ಇನ್ನೂ ಹೋಗಿಲ್ಲ ಅಕ್ಕ, ಮುಂದಿನ ವಾರ ಹೋಗುವುದು ಎಂದೆ. ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಕ್ಯಾಲೆಂಡರ್ ತಂದು ಇವತ್ತಿನ ತಾರೀಖು, ಹೋಗುವ ತಾರೀಖು ಎರಡನ್ನೂ ತೋರಿಸಿದೆ. ಕಾರು ಓಡಿಸಿದ್ದು ತಾನೇ, ನಾನು ಬಾಗಿಲ ಹಿಡಿ ಬಿಡದೆ ಕೂತಿದ್ದೆ ಎಂದಳು. ಮೂರನೆಯ ಸಲ ತಿದ್ದಿದೆ. ಆಗ ಅವಳ ನಗು ಹೋಯಿತು. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು, "ಹಾಗಾದ್ರೆ ನಾನು ಹೋಗಿದ್ದು ಯಾರ ಜೊತೆ?" ಎಂದು ಕೇಳಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅದರಲ್ಲಿ ತಪ್ಪೇನು? ಸಂಜೆಯವರೆಗೂ ಅವಳು ಬಾಚಣಿಗೆ ಕೈಬಿಡಲಿಲ್ಲ.

ಮಾರ್ಚ್ 24, ಸೋಮವಾರ

ಪ್ರವಾಸ ಮುಂದಕ್ಕೆ ಹಾಕಿದೆ. ನದಿಯ ಕಡೆ ಗಾಳಿ ಜಾಸ್ತಿಯಂತೆ, ಅಕ್ಕನಿಗೆ ಕೆಮ್ಮು ಬೇರೆ. ಯಜಮಾನ ಏಪ್ರಿಲ್ 18 ಎಂದು ಬರೆದುಕೊಂಡ. ತಮ್ಮನಿಗೆ ಹೇಳಿದಾಗ ಕೆಮ್ಮಿಗೆ ಔಷಧಿ ಕಳಿಸುತ್ತೇನೆ ಎಂದ. ಕೆಮ್ಮು ಅಷ್ಟೇನಿಲ್ಲ.

ಏಪ್ರಿಲ್ 1, ಮಂಗಳವಾರ

ಮಾರುಕಟ್ಟೆಯಲ್ಲಿ ತಪಾಸಣೆ ಇತ್ತು. ತರಕಾರಿಯವಳ ತೂಕದ ಕಲ್ಲಿನ ತಳದಲ್ಲಿ ತೂತು ಕೊರೆದು ಮೇಣ ತುಂಬಿದ್ದರು. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಅವಳು ಎಷ್ಟು ಬೇಡಿಕೊಂಡರೂ ನಾನು ಜಗ್ಗಲಿಲ್ಲ, ಕಲ್ಲನ್ನು ವಶಪಡಿಸಿಕೊಂಡು ಬಂದೆ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಕಲ್ಲಿಗೂ ನನ್ನ ಮುದ್ರೆ ಬಿದ್ದಿಲ್ಲ.

ಮನೆಗೆ ಬಂದರೆ ಅಕ್ಕ ನದಿಯ ಮೇಲಿದ್ದಳು. ದೋಣಿಯವನ ಕೊಡೆ ತೂತಾಗಿತ್ತಂತೆ, ಅವನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹುಟ್ಟು ಹಿಡಿದಿದ್ದನಂತೆ. ಆಯಾಸವಾಗಿತ್ತು, ತಿದ್ದಲು ತ್ರಾಣವಿರಲಿಲ್ಲ. ಮಳೆ ಬರುತ್ತಿತ್ತೇ ಎಂದು ಕೇಳಿದೆ ಅಷ್ಟೇ. ಇಲ್ಲ, ಬಿಸಿಲು, ಕೊಡೆಯ ತೂತಿನಿಂದ ಬಿಸಿಲು ಬಿದ್ದು ಅವನ ಅಂಗಿಯ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿತ್ತು ಎಂದಳು. ಚಹಾ ಆರಿಹೋಯಿತು, ಇಬ್ಬರೂ ಕುಡಿಯಲಿಲ್ಲ.

ಏಪ್ರಿಲ್ 6, ಭಾನುವಾರ

ಪಟ್ಟಿಗೆ ಸೇರಿಸಿದ್ದು: ದಪ್ಪ ಕಾಲುಚೀಲ (ಬೆಳಗಿನ ಹುಲ್ಲು ಬಹಳ ತಣ್ಣಗಿರುತ್ತದೆ ಎಂದು ಅಕ್ಕ ಹೇಳಿದಳು), ಕುದುರೆಗೆ ಒಂದಿಷ್ಟು ಸಕ್ಕರೆ.

ಏಪ್ರಿಲ್ 11, ಶುಕ್ರವಾರ

ಮತ್ತೆ ಮುಂದಕ್ಕೆ. ಆಫೀಸಿನಲ್ಲಿ ಮೇಲಿನವರ ತಪಾಸಣೆ, ರಜೆ ಸಿಗುವುದು ಕಷ್ಟ. ಕೇಳಿ ನೋಡಿಲ್ಲ, ಆದರೆ ಕಷ್ಟ. ಮೇ 9ಕ್ಕೆ ಬರೆಸಿದೆ. ನದಿ ಎಲ್ಲಿಗೂ ಹೋಗುವುದಿಲ್ಲ ಮೇಡಂ, ನಿಧಾನವಾಗಿ ಬನ್ನಿ ಎಂದ ಯಜಮಾನ. ತಮ್ಮ ಮಾತ್ರ ಮುಖ ಗಂಟಿಕ್ಕಿರಬೇಕು, ಫೋನಿನಲ್ಲೇ ಗೊತ್ತಾಯಿತು. ಕೇಂದ್ರದವರು ಆ ಮಂಚವನ್ನು ಮೇ ತಿಂಗಳ ಮೊದಲ ವಾರದವರೆಗೆ ಮಾತ್ರ ಇಟ್ಟುಕೊಳ್ಳುತ್ತಾರಂತೆ. ನೋಡೋಣ ಎಂದೆ.

ಮಧ್ಯಾಹ್ನ ಆಫೀಸಿನ ಮೇಜಿನ ಮೇಲೆ ತೂಕದ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಫ್ಯಾನು ತಿರುಗುವ ಸದ್ದು ನೀರು ಹರಿಯುವ ಹಾಗೆ ಕೇಳಿಸಿತು. ಗುಮಾಸ್ತ ಎರಡು ಸಲ ಕರೆದನಂತೆ.

ಏಪ್ರಿಲ್ 19, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಹದಿನೆಂಟು ಅಡಿ ಅಂದರೆ ಎಷ್ಟು ಎಂದು ಅಕ್ಕನಿಗೆ ತೋರಿಸೋಣವೆಂದು ಸಂಜೆ ಅವಳನ್ನು ತಾರಸಿಗೆ ಕರೆದುಕೊಂಡು ಹೋದೆ. ನಡುವೆ ನಿಂತು ದಾರದ ಒಂದು ತುದಿಯನ್ನು ಅವಳು ಹಿಡಿದಳು, ಒಂಬತ್ತು ಅಡಿ ಅಳೆದು ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ನಾನು ಸುತ್ತ ಗೆರೆ ಎಳೆದೆ. ನನ್ನ ವಯಸ್ಸಿಗೆ ಕುಕ್ಕರುಗಾಲಲ್ಲಿ ಸುತ್ತು ಬರುವುದು ಸುಲಭವಲ್ಲ. ಅವಳು "ನಿಧಾನ, ಸ್ಟೇರಿಂಗು ಬಿಡ್ಬೇಡ, ಹಾಂ, ಹಾಗೇ" ಎಂದು ಹೇಳುತ್ತಾ ನನ್ನ ಜೊತೆ ನಿಂತಲ್ಲೇ ತಿರುಗಿದಳು.

ಆಮೇಲೆ ಚಾಪೆ ಹಾಸಿ ಗೆರೆಯೊಳಗೆ ಮಲಗಿದೆವು. ಬಿಸಿಲು ಇಳಿದಿತ್ತು, ನೆಲ ಇನ್ನೂ ಬೆಚ್ಚಗಿತ್ತು. ಪಕ್ಕದ ಮನೆಯವರ ಬಟ್ಟೆಗಳು ತಂತಿಯ ಮೇಲೆ ಆಡುತ್ತಿದ್ದವು. ನನ್ನ ಮಂಚ ಇಲ್ಲಿತ್ತು, ನಿನ್ನ ಮಂಚ ಅಲ್ಲಿ, ಬಾಗಿಲು ನೀರಿನ ಕಡೆಗೆ ಎಂದು ಅಕ್ಕ ಹೇಳುತ್ತಾ ಹೋದಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೇಲಿನ ಕಿಂಡಿಯಲ್ಲಿ ಒಂದು ಹಕ್ಕಿ ಇಣುಕಿ ನೋಡುತ್ತಿತ್ತಂತೆ, ನಾನು ಅದಕ್ಕೆ ಏನು ಬೇಕು ಎಂದು ಇನ್‌ಸ್ಪೆಕ್ಟರ್ ದನಿಯಲ್ಲಿ ಕೇಳಿದೆನಂತೆ. ನಾನು ಹಾಗೆ ಕೇಳುವವಳೇ. ಒಲೆ ಬಲಗಡೆ ಇತ್ತು ಎಂದಳು. ಇಲ್ಲ ಅಕ್ಕ, ಎಡಗಡೆ, ನೀನು ಅಲ್ಲೇ ಕಾಲು ಕಾಯಿಸಿಕೊಂಡೆಯಲ್ಲ ಎಂದೆ. ಸ್ವಲ್ಪ ಯೋಚಿಸಿ, ಹೌದು ಕಣೆ, ಎಡಗಡೆ ಎಂದು ಒಪ್ಪಿಕೊಂಡಳು. ವಿವರಗಳಲ್ಲಿ ತಪ್ಪಾಗಬಾರದು.

ನೀರು ಬಂಡೆಗೆ ತಾಗುವ ಸದ್ದು ಎಷ್ಟು ಚೆನ್ನಾಗಿತ್ತು. ಕತ್ತಲಾಗುವ ಮೊದಲು ಇಳಿದು ಬಂದೆವು.

ಏಪ್ರಿಲ್ 27, ಭಾನುವಾರ

ತಮ್ಮ ಬಂದಿದ್ದ. ಅಕ್ಕ ಇವತ್ತು ಗೆಲುವಾಗಿದ್ದಳು. ಅವನ ಕೈಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತು ಶುರು ಮಾಡಿದಳು: ಡೇರೆ, ಕುದುರೆ, ದೋಣಿಯವನ ಅಂಗಿಯ ಮೇಲಿನ ಬಿಸಿಲು, ಕಿಂಡಿಯ ಹಕ್ಕಿ. ಒಂದರ ಹಿಂದೆ ಒಂದು, ಎಲ್ಲೂ ತಡವರಿಸದೆ. ಹೊರಡುವ ಗಡಿಬಿಡಿಯಲ್ಲಿ ಹಸಿರು ಶಾಲನ್ನು ಅಲ್ಲೇ ಮಂಚದ ಮೇಲೆ ಮರೆತು ಬಂದೆ ಎಂದು ಕೊರಗಿದಳು. ತಮ್ಮ ಲೋಟ ಕೆಳಗಿಡದೆ ಕೇಳಿದ. ಮೂರು ವರ್ಷದಲ್ಲಿ ಅವಳು ಇಷ್ಟು ಉದ್ದದ ಮಾತು ಆಡಿದ್ದು ಅವನು ಕೇಳಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ಯಾವಾಗ ಹೋಗಿಬಂದ್ರಿ ಚಿಕ್ಕಕ್ಕ? ನಂಗೊಂದು ಮಾತು ಹೇಳಬಾರ್ದಾ?" ಎಂದ.

ಹೋಗಿಲ್ಲ ಎಂದು ಹೇಳಬೇಕಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಬಾಚಣಿಗೆ ಕಿತ್ತುಕೊಂಡ ದಿನ ನೋಡಿದ ಹಾಗೆ. ಅಕ್ಕ ತಪ್ಪು ಹೇಳಿದ್ದರೆ ನಾನು ಒಂದು ಕ್ಷಣವೂ ಸುಮ್ಮನಿರುವವಳಲ್ಲ ಎಂಬುದು ಇಡೀ ಮನೆತನಕ್ಕೆ ಗೊತ್ತು. ನಾನು ಸುಮ್ಮನಿದ್ದದ್ದೇ ಅವನಿಗೆ ಸಾಕ್ಷಿಯಾಯಿತು.

ಹೊರಡುವಾಗ ಮೆಟ್ಟಿಲ ಬಳಿ ಮೆಲ್ಲಗೆ ಹೇಳಿದ, ಒಳ್ಳೆಯದಾಯಿತು, ಅವಳ ಆಸೆ ತೀರಿತು, ಕೇಂದ್ರದ ಮಂಚವೂ ತಪ್ಪುವುದಿಲ್ಲ. ಮುಂದಿನ ಭಾನುವಾರ ಒಂಬತ್ತಕ್ಕೆ ಕಾರು ತರುತ್ತಾನೆ. ಅವಳ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ಹಾಕಿಡಬೇಕಂತೆ.

ಏಪ್ರಿಲ್ 29, ಮಂಗಳವಾರ

ಹೋಗಿಲ್ಲ ಎಂದರೆ ಅಕ್ಕ ಸುಳ್ಳುಗಾರ್ತಿಯಾಗುತ್ತಾಳೆ. ಹೋಗಿಬಂದೆವು ಎಂದರೆ ಭಾನುವಾರ ಅವಳು ಹೋಗುತ್ತಾಳೆ. ಆಫೀಸಿನಲ್ಲಿ ಒಂದೇ ಕಲ್ಲನ್ನು ನಾಲ್ಕು ಸಲ ತೂಗಿದೆ.

ಮೇ 2, ಶುಕ್ರವಾರ

ಪೆಟ್ಟಿಗೆ ಅಟ್ಟದಿಂದ ಇಳಿಸಿದೆ. ಮತ್ತೆ ಮೇಲಿಟ್ಟೆ.

ಮೇ 4, ಭಾನುವಾರ

ಅಕ್ಕ ಬೆಳಿಗ್ಗೆ ತಾನೇ ತಲೆ ಬಾಚಿಕೊಂಡಿದ್ದಳು. ತಮ್ಮ ಸರಿಯಾಗಿ ಒಂಬತ್ತಕ್ಕೆ ಬಂದ. ಇವತ್ತು ಒಲೆ, ನಲ್ಲಿ ಏನನ್ನೂ ನೋಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನೇ ದಿಟ್ಟಿಸಿದ.

ಶಾಲು ಅಲ್ಲೇ ಉಳಿಯಿತೆಂದು ಅಕ್ಕ ಕೊರಗುತ್ತಿದ್ದಳಲ್ಲ, ತರಿಸಿಕೊಡೋಣವೆಂದು ಪಾಪ ಶಿಬಿರಕ್ಕೆ ಫೋನ್ ಮಾಡಿದ್ದಾನೆ. "ನೀವು ಬಂದೇ ಇಲ್ಲ ಅಂದ್ರು ಚಿಕ್ಕಕ್ಕ. ಎರಡು ಸಲ ಮುಂದಕ್ಕೆ ಹಾಕಿದೀರಂತೆ."

ಅಕ್ಕ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ಕೈಗಳು ಮಡಿಲಲ್ಲಿ ಏನನ್ನೋ ಹುಡುಕುತ್ತಿದ್ದವು.

"ಅವರ ಲೆಕ್ಕ ತಪ್ಪಿರಬೇಕು," ಎಂದೆ. "ನಾವು ಹೋಗಿದ್ವಿ."

"ಚಿಕ್ಕಕ್ಕ..."

"ಅಕ್ಕ ಹೇಳಿದ್ದೆಲ್ಲ ಸರಿ. ಕುದುರೆ ಇತ್ತು. ಒಲೆ ಎಡಗಡೆ ಇತ್ತು. ನಾನೇ ನೋಡಿದೀನಿ."

ಅಕ್ಕ ಕುರ್ಚಿಗೆ ಒರಗಿ ಕೂತು, ಈ ಹುಡುಗನಿಗೆ ಮೊದಲಿಂದಲೂ ಎಲ್ಲದಕ್ಕೂ ಅನುಮಾನ ಎಂದು ಬೈದಳು. ಹುಡುಗನಿಗೆ ಐವತ್ತು ವರ್ಷ.

ಅವನು ನನ್ನನ್ನು ಹೊರಗೆ ಕರೆದ. ಮೆಟ್ಟಿಲ ಮೇಲೆ ನಿಂತು, ನಿನಗೂ ಶುರುವಾಯಿತಾ ಎಂದು ಕೇಳಿದ. ತಮಾಷೆಗೆ ಕೇಳಲಿಲ್ಲ, ಹೆದರಿದ್ದ. ನನಗೆ ತಲೆ ಸರಿಯಾಗಿಯೇ ಇದೆ, ಹೋಗಿಲ್ಲ ಎಂಬುದೂ ಗೊತ್ತಿದೆ ಎಂದೆ. ಅವಳನ್ನು ಕೇಂದ್ರಕ್ಕೆ ಕಳಿಸುವುದಿಲ್ಲ, ಕೊಟ್ಟ ಮಾತು ವಾಪಸ್ ತೆಗೆದುಕೊಂಡೆ ಎಂದೆ.

"ಸಾಕಾಗಿದೆ ಅಂತ ನೀನೇ ಅಲ್ವಾ ಹೇಳಿದ್ದು?"

"ಹೇಳಿದ್ದೆ. ಈಗ್ಲೂ ಸಾಕಾಗಿದೆ. ಆದ್ರೂ ಕಳಿಸಲ್ಲ."

ಹೇಳುತ್ತಾ ಅತ್ತುಬಿಟ್ಟೆ. ಅವನು ಏನು ಮಾಡಬೇಕೆಂದು ತೋಚದೆ ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ನಿಂತ. ಒಂದು ದಿನ ನೀನೇ ಬಿದ್ದರೆ ಏನು ಗತಿ ಎಂದು ಕೇಳಿದ. ಬುಧವಾರ ಮತ್ತು ಭಾನುವಾರ ನೀನು ಬಾ, ಉಳಿದ ದಿನ ಕೆಳಗಿನ ಮನೆಯವರು ನೋಡಿಕೊಳ್ಳುತ್ತಾರೆ, ನಾನು ಅರ್ಧ ದಿನದ ಕೆಲಸಕ್ಕೆ ಅರ್ಜಿ ಕೊಡುತ್ತೇನೆ ಎಂದೆ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬುಧವಾರ ಅಂಗಡಿಗೆ ಮಾಲು ಬರುತ್ತದೆ, ಗುರುವಾರ ಆಗುತ್ತದೆ ಎಂದ.

ಮೇ 10, ಶನಿವಾರ

ಶಿಬಿರದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಬಂದೆವು. ತಮ್ಮ ಎರಡು ದಿನ ಅಂಗಡಿ ಮುಚ್ಚಿ ಕಾರು ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಅಕ್ಕ ಪಕ್ಕದಲ್ಲಿ ಕೂತು ಗೇರು ಬದಲಿಸು, ಕನ್ನಡಿ ನೋಡು ಎಂದು ಅವನ ತಲೆ ತಿಂದಳು. ಅವನು ಎಲ್ಲವನ್ನೂ ಹೇಳಿದ ಹಾಗೆ ಮಾಡಿದ.

ಅತಿಥಿಗಳ ಪುಸ್ತಕ ತುಂಬುತ್ತಾ, ಮೊದಲನೆಯ ಸಲವೇ ಎಂದು ಶಿಬಿರದ ಯಜಮಾನ ಕೇಳಿದ. ಎರಡನೆಯದು ಎಂದಳು ಅಕ್ಕ. ಅವನು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಅವನು ಪುಸ್ತಕದಲ್ಲಿ ಹಾಗೇ ಬರೆದುಕೊಂಡ.

ಡೇರೆ ಹಳೆಯದು. ಬಾಗಿಲು ರಸ್ತೆಯ ಕಡೆಗಿದೆ. ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾರೆ, ಆಕಾಶ ಮಬ್ಬಾಗಿ ಕಾಣುತ್ತದೆ. ನದಿ ಕಂದು ಬಣ್ಣದ್ದು, ಬಹಳ ಅಗಲ, ಸದ್ದೇ ಇಲ್ಲದೆ ಹೋಗುತ್ತದೆ. ಕುದುರೆ ಎಲ್ಲೂ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಮೂವರೂ ದಡದ ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂತೆವು. ನೀರು ನೋಡುತ್ತಾ ನೋಡುತ್ತಾ ನಾವೇ ಕುರ್ಚಿ ಸಮೇತ ಹಿಂದಕ್ಕೆ ಸರಿಯುತ್ತಿದ್ದೇವೆ ಅನ್ನಿಸತೊಡಗಿತು. ಅಕ್ಕನೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಬಹಳ ಹೊತ್ತಿನ ಮೇಲೆ ಅಕ್ಕ ನನ್ನ ಕಡೆ ಬಾಗಿ, "ನಿಜ ಹೇಳು ತಕ್ಕಡಿ. ಹೋದ ಸಲದ್ದೇ ಚೆನ್ನಾಗಿತ್ತು, ಅಲ್ವಾ?" ಎಂದಳು.

ನೀರು ನೋಡಿದೆ, ಡೇರೆ ನೋಡಿದೆ. ಯೋಚಿಸಿಯೇ ಹೇಳಿದೆ, ಹೌದಕ್ಕ, ಹೋದ ಸಲದ್ದೇ ಚೆನ್ನಾಗಿತ್ತು.

ತಮ್ಮ ಕಣ್ಣು ಮುಚ್ಚಿ ಕೂತಿದ್ದ, ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಕಣ್ಣು ಬಿಡದೆ ಕೇಳಿದ, "ಹೋದ ಸಲ ನನ್ನ ಯಾಕೆ ಕರೀಲಿಲ್ಲ?"

"ನಿಂಗೆ ಅಂಗಡಿ ಇತ್ತಲ್ಲೋ," ಎಂದಳು ಅಕ್ಕ.